ಸಂಸಾರ ಗುಟ್ಟು, ವ್ಯಾಧಿ ರಟ್ಟು



'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬುದು ನಮ್ಮ ಹಿರಿಯರು ಆಡಿಕೊಂಡು ಬಂದ ಗಾದೆ. ಮನೆಯೊಳಗಿನ ಮಾತು ಮನೆಯೊಳಗೇ ಇರಲಿ, ಆದರೆ ಮೈಗೆ ಬಂದ ಬೇನೆಯನ್ನು ನಾಲ್ಕು ಜನರಿಗೆ ತಿಳಿಸು, ಮದ್ದು ಬಲ್ಲವರು ಯಾರಾದರೂ ಸಿಕ್ಕಾರು ಎಂಬುದು ಇದರ ತಾತ್ಪರ್ಯ. ಈ ಗಾದೆಯ ಮೊದಲರ್ಧವನ್ನು ನಾವು ಬಿಗಿಯಾಗಿ ಹಿಡಿದುಕೊಂಡಿದ್ದೇವೆ, ಎರಡನೆಯ ಅರ್ಧವನ್ನು ಮರೆತಿದ್ದೇವೆ. ಜ್ವರ ಬಂದರೆ ಹೇಳುತ್ತೇವೆ, ಮೊಣಕಾಲು ನೋವಾದರೆ ಹೇಳುತ್ತೇವೆ. ಮನಸ್ಸಿಗೆ ಬಂದ ಬೇನೆಯನ್ನು ಮಾತ್ರ ಸಂಸಾರದ ಗುಟ್ಟಿನ ಲೆಕ್ಕಕ್ಕೆ ಹಾಕಿ ಬೀಗ ಜಡಿಯುತ್ತೇವೆ.

ಮನುಷ್ಯನೊಬ್ಬ ತನ್ನ ದುಃಖವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವುದು ಮರ್ಯಾದೆಯೋ, ಅಪಾಯವೋ? ಪಕ್ಕದ ಮನೆಯವನು ಹಾಗೆ ನುಂಗಿಕೊಂಡಿದ್ದಾನೆಂದು ನಮಗೆ ಅನುಮಾನ ಬಂದರೆ ನಮ್ಮ ಕರ್ತವ್ಯವೇನು? ಈ ಎರಡು ಪ್ರಶ್ನೆಗಳನ್ನು ಒಂದು ಕಾದಂಬರಿಯ ಆಧಾರದಿಂದ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಕಾದಂಬರಿ ದೂರದ ಸ್ವೀಡನ್ ದೇಶದ್ದು. ಬರೆದವರು 1981ರಲ್ಲಿ ಹುಟ್ಟಿದ ಫ್ರೆಡ್ರಿಕ್ ಬಾಕ್‌ಮನ್ ಎಂಬ ಲೇಖಕರು. 2012ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟವಾಗಿ, ಮರುವರ್ಷ ಇಂಗ್ಲಿಷಿಗೆ 'ಎ ಮ್ಯಾನ್ ಕಾಲ್ಡ್ ಓವೆ' ಎಂಬ ಹೆಸರಿನಿಂದ ಬಂದಿತು. 'ಓವೆ ಎಂಬ ಒಬ್ಬ ಮನುಷ್ಯ' ಎಂದು ಇದರರ್ಥ. 2015ರಲ್ಲಿ ಸ್ವೀಡನ್ನಿನಲ್ಲಿ ಇದು ಚಲನಚಿತ್ರವಾಯಿತು. 2022ರಲ್ಲಿ ಅಮೆರಿಕದವರು ನಾಯಕನ ಹೆಸರನ್ನು ಓಟೊ ಎಂದು ಬದಲಿಸಿ, ಟಾಮ್ ಹ್ಯಾಂಕ್ಸ್ ಎಂಬ ಪ್ರಸಿದ್ಧ ನಟನನ್ನು ಹಾಕಿಕೊಂಡು ಮತ್ತೊಮ್ಮೆ ತೆಗೆದರು. ಹಿಮ ಬೀಳುವ ದೇಶದ ಕಥೆ ಜೋಳ, ಕಬ್ಬು ಬೆಳೆಯುವ ನಮಗೇಕೆ ಎಂದು ಯಾರಾದರೂ ಕೇಳಬಹುದು. ಭೂಮಿ ಬೇರೆ, ಬೆಳೆ ಬೇರೆ. ಮನುಷ್ಯ ದುಃಖವನ್ನು ಬಚ್ಚಿಡುವ ರೀತಿ ಮಾತ್ರ ಎಲ್ಲ ಕಡೆಗೂ ಒಂದೇ ಎಂಬುದು ಇದನ್ನು ಓದಿದಾಗ ತಿಳಿಯುತ್ತದೆ.

ಓವೆಗೆ 59 ವರ್ಷ. ಬೆಳಿಗ್ಗೆ ಪೌಣೆ ಆರಕ್ಕೆ ಎದ್ದು ಇಡೀ ಓಣಿಯನ್ನು ಸುತ್ತಿ ಬರುವುದು ಅವನ ನಿತ್ಯದ ನಿಯಮ. ಯಾರ ಗಾಡಿ ನಿಲ್ಲಬಾರದ ಜಾಗದಲ್ಲಿ ನಿಂತಿದೆ, ಯಾರು ಕಸವನ್ನು ಸರಿಯಾಗಿ ಬೇರ್ಪಡಿಸಿಲ್ಲ ಎಂದು ನೋಡಿ ಗದರುತ್ತಾನೆ. ಸಾಬ್ ಕಂಪನಿಯ ಕಾರನ್ನು ಬಿಟ್ಟು ಬೇರೆ ಕಾರು ಇಟ್ಟುಕೊಂಡವನು ಅವನ ದೃಷ್ಟಿಯಲ್ಲಿ ಮನುಷ್ಯನೇ ಅಲ್ಲ. ಓಣಿಯವರಿಗೆಲ್ಲ ಅವನು ಒಬ್ಬ ಸಿಡುಕ, ಹಟಮಾರಿ, ಮಾತಿಗೆ ಸಿಕ್ಕರೆ ಜಗಳ ತೆಗೆಯುವವನು. ಇಷ್ಟು ಅವನ ಹೊರಗಿನ ಲೆಕ್ಕ.

ಒಳಗಿನ ಲೆಕ್ಕ ಬೇರೆಯೇ ಇದೆ. ಅವನ ಹೆಂಡತಿ ಸೋನ್ಯಾ ತೀರಿಕೊಂಡು ಆರು ತಿಂಗಳಾಗಿದೆ. ಹತ್ತಾರು ವರ್ಷ ದುಡಿದ ಸ್ಥಳದಲ್ಲಿ, ಇನ್ನು ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅವನನ್ನು ಕೆಲಸದಿಂದ ಬಿಡಿಸಿದ್ದಾರೆ. ಬದುಕಿರುವುದಕ್ಕೆ ಕಾರಣವೇ ಉಳಿಯಲಿಲ್ಲ ಎಂದು ಅವನು ಜೀವ ಕಳೆದುಕೊಳ್ಳಲು ನಿಶ್ಚಯಿಸಿದ್ದಾನೆ. ವ್ಯಾಪಾರಸ್ಥ ಬಂಧುಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಓವೆ ಅಂಗಡಿ ಮುಚ್ಚುವವನಂತೆ ಅಚ್ಚುಕಟ್ಟಾಗಿ ತಯಾರಿ ಮಾಡುತ್ತಾನೆ. ಟೆಲಿಫೋನು ಬಿಡಿಸುತ್ತಾನೆ, ಪತ್ರಿಕೆ ನಿಲ್ಲಿಸುತ್ತಾನೆ. ಇನ್ನೊಬ್ಬರಿಗೆ ತೊಂದರೆಯಾಗಬಾರದೆಂದು ಎಲ್ಲ ವ್ಯವಹಾರವನ್ನೂ ಚುಕ್ತಾ ಮಾಡುತ್ತಾನೆ. ಓಣಿಯ ಒಬ್ಬನಿಗೂ ಇದರ ಸುಳಿವಿಲ್ಲ. ಏಕೆಂದರೆ ಯಾರೂ ಅವನ ಮುಖವನ್ನು ಸರಿಯಾಗಿ ನೋಡಿರಲಿಲ್ಲ, ಅವನ ಸಿಡುಕನ್ನಷ್ಟೇ ನೋಡಿದ್ದರು.

ಅಷ್ಟರಲ್ಲಿ ಎದುರು ಮನೆಗೆ ಒಂದು ಹೊಸ ಸಂಸಾರ ಬರುತ್ತದೆ. ಪ್ಯಾಟ್ರಿಕ್ ಎಂಬ ಗಂಡ, ಪರ್ವಾನೆ ಎಂಬ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಪರ್ವಾನೆ ಇರಾನಿ ಮೂಲದವಳು, ಮೂರನೆಯ ಮಗುವಿನ ಬಸುರಿ. ಪರ್ವಾನೆ ಎಂದರೆ ದೀಪಕ್ಕೆ ಮುತ್ತುವ ಪತಂಗ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಜನ ಹಿಂದಿ ಹಾಡುಗಳಲ್ಲಿ ಈ ಶಬ್ದವನ್ನು ಕೇಳಿಯೇ ಇದ್ದಾರೆ. ಗಂಡನಿಗೆ ಕಾರಿಗೆ ಕಟ್ಟಿದ ಸಾಮಾನಿನ ಟ್ರೇಲರನ್ನು ಹಿಂದಕ್ಕೆ ತರಲು ಬರುವುದಿಲ್ಲ. ಅದು ಓವೆಯ ಟಪಾಲು ಪೆಟ್ಟಿಗೆಗೆ ತಾಕುತ್ತದೆ. ಓವೆ ಸಿಟ್ಟಿನಿಂದ ಹೊರಗೆ ಬಂದು, ಗಂಡನನ್ನು ಇಳಿಸಿ, ತಾನೇ ಕುಳಿತು ಗಾಡಿಯನ್ನು ಸರಿಯಾಗಿ ನಿಲ್ಲಿಸುತ್ತಾನೆ. ಅಂದಿನಿಂದ ಅವನಿಗೆ ನೆಮ್ಮದಿಯಿಂದ ಸಾಯುವುದಕ್ಕೂ ಬಿಡುವು ಸಿಗುವುದಿಲ್ಲ.

ಪರ್ವಾನೆ ಅವನನ್ನು ಗೆದ್ದ ರೀತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಅವಳು ಅವನ ಮನೆಗೆ ಹೋಗಿ, 'ನಿಮಗೆ ಏನು ದುಃಖ, ನನ್ನೆದುರು ಹೇಳಿ' ಎಂದು ಕೇಳಲಿಲ್ಲ. ಹಾಗೆ ಕೇಳಿದ್ದರೆ ಅವನು ಬಾಗಿಲು ಹಾಕಿಕೊಳ್ಳುತ್ತಿದ್ದ. ಕೇಸರಿ ಹಾಕಿದ ಅನ್ನವನ್ನು ಡಬ್ಬಿಯಲ್ಲಿ ಕೊಟ್ಟಳು. ಗಂಡ ಏಣಿಯಿಂದ ಬಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿರೆಂದಳು. ತನಗೆ ಕಾರು ಓಡಿಸಲು ಕಲಿಸಿರೆಂದು ಗಂಟುಬಿದ್ದಳು. ಹಿಮದಲ್ಲಿ ಸೆಟೆದು ಬಿದ್ದ ಬೀದಿಬೆಕ್ಕನ್ನು ಅವನ ಮನೆಯೊಳಕ್ಕೇ ತರಿಸಿದಳು. ಅಂದರೆ ಅವಳು ಸಹಾಯ ಮಾಡಲು ಹೋಗಲಿಲ್ಲ, ಸಹಾಯ ಕೇಳಲು ಹೋದಳು. ಕೊಟ್ಟರೆ ತೆಗೆದುಕೊಳ್ಳದ ಸ್ವಾಭಿಮಾನಿಗೆ, ನಿನ್ನಿಂದ ನನಗೆ ಒಂದು ಕೆಲಸ ಆಗಬೇಕಾಗಿದೆ ಎಂದು ಹೇಳುವುದೇ ದೊಡ್ಡ ಉಪಕಾರ. ನಾನು ಯಾರಿಗೂ ಬೇಡವಾದವನು ಎಂಬುದೇ ಅವನ ಬೇನೆಯಾಗಿತ್ತು. ನೀವು ಬೇಕು ಎಂಬುದೇ ಅದಕ್ಕೆ ಮದ್ದಾಯಿತು.

ಒಂದೊಂದು ಕೆಲಸದ ನೆಪದಲ್ಲಿ ಒಂದೊಂದು ಬಾಗಿಲು ತೆರೆಯುತ್ತದೆ. ಸೋನ್ಯಾ ಶಾಲೆಯ ಶಿಕ್ಷಕಿಯಾಗಬೇಕಾದವಳು. ಬಸುರಿಯಾಗಿದ್ದಾಗ ಗಂಡಹೆಂಡಿರು ಸ್ಪೇನ್ ದೇಶಕ್ಕೆ ಪ್ರವಾಸ ಹೋದರು. ಅಲ್ಲಿ ಬಸ್ಸು ಅಪಘಾತವಾಗಿ ಹೊಟ್ಟೆಯ ಕೂಸು ಹೋಯಿತು, ಅವಳ ಕಾಲುಗಳೂ ಹೋದವು. ಮುಂದಿನ ಜೀವನವೆಲ್ಲ ಗಾಲಿಕುರ್ಚಿಯ ಮೇಲೆ. ಓವೆ ಬಸ್ಸಿನ ಕಂಪನಿಗೆ, ಆ ಸರಕಾರಕ್ಕೆ, ಈ ಸರಕಾರಕ್ಕೆ ಅರ್ಜಿಗಳನ್ನು ಬರೆದ; ಯಾರೂ ಹೊಣೆ ಹೊರಲಿಲ್ಲ. ಅವಳು ಕೆಲಸಕ್ಕೆ ಸೇರಬೇಕಾಗಿದ್ದ ಶಾಲೆಗೆ ಗಾಲಿಕುರ್ಚಿ ಏರಲು ಇಳಿಜಾರು ದಾರಿ ಇರಲಿಲ್ಲ. ಮಾಡಿಕೊಡುವವರೂ ಇರಲಿಲ್ಲ. ಓವೆ ತಾನೇ ಹೋಗಿ ಕಟ್ಟಿದ. ಮನೆಯ ಅಡುಗೆಕಟ್ಟೆಗಳನ್ನು ಕುಳಿತವಳ ಕೈಗೆ ಎಟಕುವ ಹಾಗೆ ತಗ್ಗಿಸಿ ಕಟ್ಟಿದ. ಓಣಿಯವರು ಕಂಡ ಸಿಡುಕ ಮತ್ತು ಆ ತಗ್ಗಿನ ಅಡುಗೆಕಟ್ಟೆ ಕಟ್ಟಿದ ಗಂಡ ಇಬ್ಬರೂ ಒಬ್ಬನೇ. ಮನುಷ್ಯರನ್ನು ಜಗುಲಿಯಿಂದಲೇ ತೂಗುವವರು ಒಮ್ಮೆ ಅಡುಗೆಮನೆಯವರೆಗೆ ಹೋಗಿ ನೋಡಬೇಕು.

ಇನ್ನು ನಮ್ಮ ಮೊದಲ ಪ್ರಶ್ನೆಗೆ ಬರೋಣ. ಇಂಥ ಮನುಷ್ಯ ಇಷ್ಟನ್ನೆಲ್ಲ ಯಾರಿಗೂ ಹೇಳದೆ ಏಕೆ ಇಟ್ಟುಕೊಂಡ? ಇದಕ್ಕೆ ಉತ್ತರ ಅವನ ಬಾಲ್ಯದಲ್ಲಿ ಕಂಡುಬರುತ್ತದೆ. ಅವನ ತಂದೆ ರೈಲ್ವೆಯಲ್ಲಿ ದುಡಿಯುವ ಬಡವ, ಮಾತು ಕಡಿಮೆ. ಓವೆ ಒಂಬತ್ತು ವರ್ಷದವನಿದ್ದಾಗ ರೈಲಿನಲ್ಲಿ ಯಾರೋ ಬಿಟ್ಟುಹೋದ ಹಣದ ಪಾಕೀಟು ಸಿಗುತ್ತದೆ. ತಂದೆಯ ಜೊತೆಗಾರ ಟಾಮ್ ಎಂಬವನು ಅದನ್ನು ಕಸಿಯಲು ಬರುತ್ತಾನೆ. ಹುಡುಗ ಅದನ್ನು ಕಚೇರಿಗೆ ಒಪ್ಪಿಸುತ್ತಾನೆ. ಆದರೆ ಟಾಮ್‌ನ ದುರ್ಬುದ್ಧಿಯ ಸಂಗತಿಯನ್ನು ತಂದೆ ಅಲ್ಲಿ ಎತ್ತುವುದಿಲ್ಲ. ಇನ್ನೊಬ್ಬರು ಮಾಡಿದ್ದನ್ನು ಚಾಡಿ ಹೇಳುವ ಜನ ನಾವಲ್ಲ ಎಂಬುದು ಆ ತಂದೆ ಮಗನಿಗೆ ಕೊಟ್ಟ ಶಿಕ್ಷಣ. ಮುಂದೆ ತಂದೆ ಸತ್ತು, ಓವೆ ಅದೇ ರೈಲ್ವೆಯಲ್ಲಿ ಕೆಲಸಕ್ಕೆ ನಿಂತಾಗ, ಟಾಮ್ ಹಣ ಕದ್ದು ಅಪವಾದವನ್ನು ಇವನ ಮೇಲೆ ಹಾಕುತ್ತಾನೆ. ಕಳ್ಳ ಯಾರೆಂದು ಗೊತ್ತಿದ್ದರೂ ಓವೆ ಹೆಸರು ಹೇಳುವುದಿಲ್ಲ. ಇದ್ದ ಕೆಲಸ ಹೋಗಿ ರಾತ್ರಿ ರೈಲುಡಬ್ಬಿ ತೊಳೆಯುವ ಕೆಲಸ ಪಾಲಿಗೆ ಬರುತ್ತದೆ.

ತಪ್ಪನ್ನು ಮುಚ್ಚಿಟ್ಟರೆ ಕಳ್ಳನಿಗೆ ಬಲ ಬಂದಂತಾಗುವುದಿಲ್ಲವೇ ಎಂದು ಇಲ್ಲಿ ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ಆದರೂ ಪರರ ದೋಷವನ್ನು ನಾಲಗೆಯ ಮೇಲೆ ಹೊತ್ತು ತಿರುಗದ ಸಂಯಮ ಒಂದು ಗುಣ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಓವೆ ಎಡವಿದ್ದು ಅಲ್ಲಿ ಅಲ್ಲ. ಪರರ ತಪ್ಪಿನ ಬಗ್ಗೆ ಕಲಿತ ಮೌನವನ್ನು ಅವನು ತನ್ನ ನೋವಿಗೂ ಅನ್ವಯಿಸಿಕೊಂಡ. ಇವೆರಡೂ ಒಂದೇ ಎಂದು ತಿಳಿದ. ನಾವು ಮಾಡುವುದೂ ಇದನ್ನೇ. ಇನ್ನೊಬ್ಬರ ಮಾನ ಕಾಯುವ ಮೌನ ಬೇರೆ, ತನ್ನ ಜೀವವನ್ನು ಸುಡುವ ಮೌನ ಬೇರೆ. ಮೊದಲನೆಯದು ಸಂಸಾರದ ಗುಟ್ಟು, ಎರಡನೆಯದು ವ್ಯಾಧಿ. ಕಿರ್ದಿಯಲ್ಲಿ ಜಮೆಯನ್ನು ಖರ್ಚಿನ ಬದಿಗೆ ಬರೆದರೆ ಕೂಡಿಸುವುದು ಎಷ್ಟು ಸರಿಯಾಗಿದ್ದರೂ ತಾಳೆ ಬರುವುದಿಲ್ಲ. ಹಾಗೆಯೇ ನೋವನ್ನು ಮಾನದ ಖಾತೆಗೆ ಬರೆದುಕೊಂಡವನ ಬದುಕಿನ ಲೆಕ್ಕವೂ ತಾಳೆಯಾಗುವುದಿಲ್ಲ.

ಅವನ ಜೀವನದಲ್ಲಿಯೇ ಇದಕ್ಕೆ ಎರಡು ಸಾಕ್ಷಿಗಳಿವೆ. ಒಂದು ಒಳ್ಳೆಯದು, ಒಂದು ಕೆಟ್ಟದ್ದು.

ಒಳ್ಳೆಯದು ಸೋನ್ಯಾಳ ಪ್ರಸಂಗ. ಅವಳನ್ನು ರೈಲಿನಲ್ಲಿ ಕಂಡ ಓವೆ, ಅವಳ ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೋಸ್ಕರ ತನ್ನ ಮನೆಯ ವಿರುದ್ಧ ದಿಕ್ಕಿಗೆ ದಿನವೂ ಪ್ರಯಾಣ ಮಾಡುತ್ತಿದ್ದ. ತಾನು ಸೈನ್ಯದ ಸೇವೆಯಲ್ಲಿದ್ದೇನೆಂದು ಸುಳ್ಳು ಹೇಳಿದ್ದ. ಮೊದಲ ಸಲ ಅವಳನ್ನು ಊಟಕ್ಕೆ ಕರೆದಾಗ, ಅವಳು ಬೇಕಾದ್ದನ್ನು ತರಿಸಿಕೊಳ್ಳಲೆಂದು ತಾನು ಮನೆಯಲ್ಲಿಯೇ ಊಟ ಮಾಡಿ ಬಂದಿದ್ದ. ಇಬ್ಬರ ಊಟಕ್ಕಾಗುವಷ್ಟು ಹಣ ಅವನಲ್ಲಿ ಇರಲಿಲ್ಲ. ಅಲ್ಲಿಯೇ ತನ್ನ ಸುಳ್ಳನ್ನೂ ಬಡತನವನ್ನೂ ಅವಳ ಮುಂದೆ ಬಿಚ್ಚಿಟ್ಟ. ಅವಳು ಎದ್ದು ಹೋಗಲಿಲ್ಲ. ಅವನ ಸಂಸಾರ ಶುರುವಾದದ್ದೇ ಅಂದು. ಮುಚ್ಚಿಟ್ಟದ್ದನ್ನು ಒಬ್ಬರ ಮುಂದೆ ತೆರೆದಾಗ ಅವನು ಏನನ್ನೂ ಕಳೆದುಕೊಳ್ಳಲಿಲ್ಲ, ಎಲ್ಲವನ್ನೂ ಪಡೆದುಕೊಂಡ.

ಕೆಟ್ಟದ್ದು ರೂನೆಯ ಪ್ರಸಂಗ. ರೂನೆ ಅದೇ ಓಣಿಯವನು. ಎರಡೂ ಸಂಸಾರಗಳು ಅಲ್ಲಿಗೆ ಒಟ್ಟಿಗೇ ಬಂದವು. ಇಬ್ಬರೂ ಸೇರಿ ಓಣಿಯ ಸಂಘ ಕಟ್ಟಿದರು. ಇವನ ಹೆಂಡತಿಯೂ ಅವನ ಹೆಂಡತಿ ಅನಿತಾಳೂ ಒಂದೇ ಕಾಲಕ್ಕೆ ಬಸುರಿಯರು. ಅನಿತಾಳ ಮಗು ಉಳಿಯಿತು, ಸೋನ್ಯಾಳ ಮಗು ಉಳಿಯಲಿಲ್ಲ. ಆ ಮಾತನ್ನು ಗೆಳೆಯರಿಬ್ಬರೂ ಎಂದೂ ಎತ್ತಿ ಆಡಲಿಲ್ಲ. ಅದರ ಬದಲಾಗಿ ಸಾಬ್ ಕಾರು ಮೇಲೋ, ವೋಲ್ವೊ ಕಾರು ಮೇಲೋ ಎಂದು ಕಾದಾಡಿದರು, ಸಂಘದ ಅಧ್ಯಕ್ಷತೆಗಾಗಿ ಕಾದಾಡಿದರು. ರೂನೆ ಕೊನೆಗೆ ಜರ್ಮನಿಯ ಕಾರನ್ನು ಕೊಂಡದ್ದೇ ನೆಪವಾಗಿ ಮಾತು ನಿಂತಿತು. ನಮ್ಮ ಕಡೆ ಬದುವಿನ ಒಂದು ಮೊಳ ಜಾಗಕ್ಕಾಗಿ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತಾರಲ್ಲ, ಅಲ್ಲಿಯೂ ಎಷ್ಟೋ ಸಲ ನಿಜವಾದ ಗಾಯ ಬದುವಿನಲ್ಲಿ ಇರುವುದಿಲ್ಲ. ಹೇಳದೆ ಉಳಿದ ಯಾವುದೋ ಹಳೆಯ ಮಾತಿನಲ್ಲಿ ಇರುತ್ತದೆ. ಹೇಳದ ದುಃಖ ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಅದು ವೇಷ ಬದಲಿಸಿ ಜಗಳವಾಗಿ ಹೊರಗೆ ಬರುತ್ತದೆ.

ಈಗ ವ್ಯಾಪಾರಸ್ಥರ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. 'ನೀವು ಹೇಳುವುದು ಪುಸ್ತಕದಲ್ಲಿ ಚೆನ್ನ. ನನಗೆ ನಷ್ಟವಾಗಿದೆ ಎಂದು ಇಂದು ಪೇಟೆಯಲ್ಲಿ ಬಾಯಿಬಿಟ್ಟರೆ ನಾಳೆ ಬೆಳಿಗ್ಗೆ ಎಲ್ಲ ಸಾಲಗಾರರೂ ಬಾಗಿಲಿಗೆ ಬರುತ್ತಾರೆ. ಪತ ಹೋದ ಮೇಲೆ ಉದರಿ ಮಾಲು ಕೊಡುವವರು ಯಾರು?' ರೈತನ ಆಕ್ಷೇಪವೂ ಇದೇ ಬಗೆಯದು. ಮಗಳ ಲಗ್ನ ನಿಂತಿದೆ, ಬೀಗರ ಕಿವಿಗೆ ಸಾಲದ ಸುದ್ದಿ ಬಿದ್ದರೆ ಹೇಗೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೇಳಿ ಮರುಗುವವರಿಗಿಂತ ಕೇಳಿ ನಗುವವರೇ ಹೆಚ್ಚು ಎಂಬ ಅನುಭವ ಎಲ್ಲರಿಗೂ ಇದೆ.

ಆದರೆ ರಟ್ಟು ಮಾಡು ಎಂದರೆ ಡಂಗುರ ಸಾರು ಎಂದಲ್ಲ. ಓವೆ ತನ್ನ ಕಥೆಯನ್ನು ಇಡೀ ಓಣಿಗೆ ಹೇಳಲಿಲ್ಲ. ಒಬ್ಬ ಹೆಣ್ಣುಮಗಳಿಗೆ ತಿಳಿಯಿತು, ಅಷ್ಟು ಸಾಕಾಯಿತು. ಸಾವಿರ ಜನರಿಗೆ ಹೇಳುವುದಕ್ಕೂ ಯಾರಿಗೂ ಹೇಳದಿರುವುದಕ್ಕೂ ನಡುವೆ ಒಬ್ಬರಿಗೆ ಹೇಳುವುದು ಎಂಬ ದಾರಿ ಇದೆ. ಆ ಒಬ್ಬರು ಹೆಂಡತಿಯಾಗಬಹುದು. ಎಷ್ಟೋ ಮನೆಗಳಲ್ಲಿ ಸಾಲದ ಮೊತ್ತ ಸೊಸಾಯಿಟಿಯ ಗುಮಾಸ್ತನಿಗೆ ಗೊತ್ತಿರುತ್ತದೆ, ಮನೆಯ ಯಜಮಾನತಿಗೆ ಗೊತ್ತಿರುವುದಿಲ್ಲ. ಆ ಒಬ್ಬರು ಸೋದರಮಾವ ಆಗಬಹುದು, ಹಳೆಯ ಗೆಳೆಯನಾಗಬಹುದು. ಲೆಕ್ಕಪತ್ರ ನೋಡಿದವರಿಗೆಲ್ಲ ತಿಳಿದಿರುವ ಒಂದು ಮಾತಿದೆ: ವಹಿಯಲ್ಲಿ ಬರೆದ ಸಾಲಕ್ಕೆ ಒಂದು ಮೊತ್ತ ಇರುತ್ತದೆ, ಮನಸ್ಸಿನಲ್ಲಿ ಬಚ್ಚಿಟ್ಟ ಸಾಲಕ್ಕೆ ಮೊತ್ತವೇ ಇರುವುದಿಲ್ಲ. ರಾತ್ರಿ ನಿದ್ದೆ ಬಾರದಾಗ ಅದು ಹತ್ತು ಪಟ್ಟು ಬೆಳೆಯುತ್ತದೆ. ಒಬ್ಬರ ಮುಂದೆ ಕುಳಿತು ಕಾಗದದ ಮೇಲೆ ಬರೆದಾಗ ಎಷ್ಟೋ ಸಲ ಅದು ತೀರಿಸಬಹುದಾದ ಸಾಲವೇ ಆಗಿರುತ್ತದೆ. ತೀರಿಸಲಾಗದಿದ್ದರೂ ಅದು ಜೀವಕ್ಕಿಂತ ದೊಡ್ಡದಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ.

ಇದು ಬರೀ ತತ್ತ್ವದ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ನೇ ಇಸವಿ ಒಂದರಲ್ಲಿಯೇ ನಮ್ಮ ದೇಶದಲ್ಲಿ ಒಕ್ಕಲುತನದಲ್ಲಿ ತೊಡಗಿದ್ದ 11,290 ಮಂದಿ ರೈತರು ಮತ್ತು ಕೃಷಿ ಕೂಲಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅದರಲ್ಲಿ ಮಹಾರಾಷ್ಟ್ರ ಮೊದಲನೆಯದು, ಕರ್ನಾಟಕ ಎರಡನೆಯದು. ಗಡಿಯ ಈಚೆಗೂ ಆಚೆಗೂ ಇರುವವರು ನಾವೇ. ಮಳೆ, ಬೆಲೆ, ಬಡ್ಡಿ, ಕಾಯಿಲೆ ಎಂದು ಕಾರಣಗಳು ಹಲವು ಇರಬಹುದು, ಮಾತೊಂದರಿಂದಲೇ ಅವೆಲ್ಲ ತೀರುತ್ತವೆ ಎಂದು ಯಾರೂ ಹೇಳಲಾರರು. ಆದರೆ ಅಂಥ ಮನೆಗೆ ಮಾತಾಡಿಸಲು ಹೋದವರು ಕೇಳಿ ಬರುವ ಮಾತು ಬಹಳ ಸಲ ಒಂದೇ ಆಗಿರುತ್ತದೆ: 'ನಮಗೆ ಒಂದು ಮಾತೂ ಹೇಳಲಿಲ್ಲವಲ್ಲ!'

ಅವರು ಹೇಳಲಿಲ್ಲ, ನಿಜ. ನಾವು ಹೇಳುವುದಕ್ಕೆ ಎಡೆ ಕೊಟ್ಟಿದ್ದೆವೇ? ಇದು ನಮ್ಮ ಎರಡನೆಯ ಪ್ರಶ್ನೆ. ಕಾದಂಬರಿಯಲ್ಲಿ ಕೆಲವು ಸಲ ಓವೆ ಸಾಯಬೇಕೆನ್ನುವ ಹೊತ್ತಿಗೆ ಸರಿಯಾಗಿ ಯಾರೋ ಬಾಗಿಲು ಬಡಿಯುತ್ತಾರೆ. ಅದು ಕಥೆಗಾರ ಮಾಡಿದ ಏರ್ಪಾಡು. ನಿಜವಾದ ಬದುಕಿನಲ್ಲಿ ಹಾಗೆ ಹೊತ್ತಿಗೆ ಸರಿಯಾಗಿ ಯಾರೂ ಬರುವುದಿಲ್ಲ. ಆದ್ದರಿಂದಲೇ ನಾವು ಹೊತ್ತು ನೋಡದೆ ಮೊದಲೇ ಹೋಗಬೇಕು. ದಿನವೂ ಕಟ್ಟೆಗೆ ಬರುತ್ತಿದ್ದವನು ಬರುವುದನ್ನು ಬಿಟ್ಟರೆ, ಎತ್ತುಗಳನ್ನು ಒಮ್ಮೆಲೇ ಮಾರಿದರೆ, ಕೇಳದೆಯೇ ಸಣ್ಣ ಸಣ್ಣ ಬಾಕಿಗಳನ್ನು ತೀರಿಸತೊಡಗಿದರೆ, ಯಾವಾಗಲೂ ಶಾಂತನಾಗಿದ್ದವನು ಸಿಡುಕಿದರೆ, ಸಿಡುಕುತ್ತಿದ್ದವನು ಒಮ್ಮೆಲೇ ಶಾಂತನಾದರೆ, ಅದನ್ನು ಕಂಡೂ ಕಾಣದ ಹಾಗೆ ದಾಟಿ ಹೋಗಬಾರದು. ಹೋಗಿ ಉಪದೇಶ ಮಾಡಬೇಕಾಗಿಲ್ಲ. ಪರ್ವಾನೆಯ ಹಾಗೆ ಒಂದು ಕೆಲಸ ಕೇಳಬೇಕು. 'ಕಾಕಾ, ನಮ್ಮ ಪಂಪಸೆಟ್ಟು ಎತ್ತುತ್ತಿಲ್ಲ, ಒಂದು ಸಲ ಬಂದು ನೋಡ್ರಿ' ಎಂದರೆ ಸಾಕು. ಬಾವಿಯ ದಂಡೆಯ ಮೇಲೆ ಕುಳಿತಾಗ ಬರುವ ಮಾತು ಪಡಸಾಲೆಯಲ್ಲಿ ಎದುರುಬದುರು ಕುಳಿತಾಗ ಬರುವುದಿಲ್ಲ.

ಹಾಗೆ ಮಾತು ಬಂದ ಮೇಲೆ ಕೇಳಿದವನ ಮೇಲೆ ಒಂದು ಋಣ ಬೀಳುತ್ತದೆ. ಕೇಳಿದ್ದನ್ನು ಹೊಟೇಲಿನ ಬಾಕಿನ ಮೇಲೆ ಚೆಲ್ಲಬಾರದು. ಓವೆಯ ತಂದೆ ಕಲಿಸಿದ ಮೌನ ಉಪಯೋಗಕ್ಕೆ ಬರುವುದು ಇಲ್ಲಿಯೇ. ತನ್ನ ನೋವಿಗೆ ಬಾಯಿ ಇರಲಿ, ಇನ್ನೊಬ್ಬನ ನೋವಿಗೆ ಬೀಗ ಇರಲಿ. ನಾವು ಇದನ್ನು ತಿರುಗುಮುರುಗು ಮಾಡಿದ್ದೇವೆ, ನಮ್ಮದನ್ನು ಬಚ್ಚಿಡುತ್ತೇವೆ, ಪಕ್ಕದವನದನ್ನು ಊರಿಗೆಲ್ಲ ಹಂಚುತ್ತೇವೆ. ಹಂಚುವವರು ಇರುವವರೆಗೆ ಹೇಳುವವರು ಹುಟ್ಟುವುದಿಲ್ಲ. ಒಂದು ಊರಿನಲ್ಲಿ ಜನ ಮನಸ್ಸು ಬಿಚ್ಚಿ ಮಾತಾಡಬೇಕಾದರೆ, ಅಲ್ಲಿ ಗುಟ್ಟು ಕಾಯುವವರು ಮೊದಲು ತಯಾರಾಗಬೇಕು. ಜೀವಕ್ಕೇ ಅಪಾಯವಿದೆ ಎಂದು ಕಂಡಾಗ ಮಾತ್ರ ಈ ನಿಯಮಕ್ಕೆ ವಿನಾಯಿತಿ ಇದೆ. ಆಗ ಅವನನ್ನು ಒಬ್ಬನನ್ನೇ ಬಿಡದೆ, ಮನೆಯವರಿಗೂ ವೈದ್ಯರಿಗೂ ತಿಳಿಸಲೇಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಯ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಫೋನು ಮಾಡಿದರೂ ಖರ್ಚಿಲ್ಲದೆ ಮಾತಾಡಬಹುದು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡುವವರು ಅಲ್ಲಿ ಇರುತ್ತಾರೆ. ಈ ನಂಬರನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು.

ಕಥೆ ಮುಂದೇನಾಯಿತು ಎಂಬುದನ್ನೂ ಹೇಳಬೇಕು. ರೂನೆಗೆ ಮರೆವಿನ ಕಾಯಿಲೆ ಬಂದು, ಸರಕಾರದ ಅಧಿಕಾರಿಗಳು ಅವನನ್ನು ಹೆಂಡತಿಯಿಂದ ಬೇರ್ಪಡಿಸಿ ಆರೈಕೆಯ ಕೇಂದ್ರಕ್ಕೆ ಒಯ್ಯಲು ಬರುತ್ತಾರೆ. ಮಾತು ಬಿಟ್ಟಿದ್ದ ಓವೆಯೇ ಓಣಿಯವರನ್ನು ಕೂಡಿಸಿ ಅವರನ್ನು ಬರಿಗೈಲಿ ಹಿಂದಕ್ಕೆ ಕಳಿಸುತ್ತಾನೆ. ಪರ್ವಾನೆಯ ಮಕ್ಕಳು ಅವನಿಗೆ ಮೊಮ್ಮಕ್ಕಳಾಗುತ್ತಾರೆ. ಸಾಯಲು ಹೊರಟಿದ್ದವನು ಇನ್ನೂ ನಾಲ್ಕು ವರ್ಷ ತುಂಬುಬದುಕು ಬಾಳುತ್ತಾನೆ. ಒಂದು ಬೆಳಿಗ್ಗೆ ಪರ್ವಾನೆ ಎದ್ದು ಕಿಟಕಿಯಿಂದ ನೋಡಿದರೆ ಓವೆಯ ಮನೆಯ ಮುಂದಿನ ಹಿಮವನ್ನು ಸರಿಸಿಲ್ಲ. ಅವಳಿಗೆ ಅಷ್ಟರಲ್ಲೇ ತಿಳಿಯುತ್ತದೆ. ಓಡಿ ಹೋಗಿ ನೋಡಿದರೆ, ಅವನು ನಿದ್ದೆಯಲ್ಲಿಯೇ ಶಾಂತವಾಗಿ ಹೋಗಿಬಿಟ್ಟಿದ್ದಾನೆ.

ನಾಲ್ಕು ವರ್ಷದ ಹಿಂದೆ ಅವನು ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಒಂದು ದಿನ ಅಂಗಳದ ಹಿಮ ಸರಿಸದಿದ್ದುದನ್ನು ಕಂಡೊಡನೆ ಓಡಿಬರುವ ಒಬ್ಬರಿದ್ದಾರೆ. ಬಂಧುಗಳೇ, ನಮ್ಮ ಓಣಿಯಲ್ಲಿ ಯಾರ ಮನೆಯ ಅಂಗಳಕ್ಕೆ ಇಂದು ನೀರು ಹಾಕಿಲ್ಲ, ಯಾರ ಅಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ ಎಂಬುದನ್ನು ಗಮನಿಸುವವರು ನಾವಾಗೋಣ. ಬೇಸರ ಬಂದಾಗ ಬಾಗಿಲು ತೆರೆದು ಒಬ್ಬರನ್ನಾದರೂ ಒಳಗೆ ಕರೆಯುವವರೂ ನಾವಾಗೋಣ.